ಹುರಿಯಿಲ್ಲದ ಬಿಲ್ಲು

ಮಸ್ಕಿಯಲ್ಲಿ ನಮ್ಮ ಪಿಂಜಾರ ಓಣಿಯ ಬೆನ್ನಿಗೇ ಹತ್ತಿಯ ಜಿನ್ನು ಇತ್ತು. ಸುತ್ತಲ ಹಳ್ಳಿಗಳ ಹತ್ತಿ ಗಾಡಿಯಲ್ಲಿ ಬಂದು ಅಲ್ಲಿ ಬೀಳುತ್ತಿತ್ತು. ಕಾಳು ಬಿಡಿಸಿದ ಅರಳೆಯನ್ನು ಅಂಡಿಗೆ ಕಟ್ಟಿ ರಾಯಚೂರಿನ ಕಡೆ ಕಳಿಸುತ್ತಿದ್ದರು. ಕಾಳು ಗಾಣಕ್ಕೆ ಹೋಗುತ್ತಿತ್ತು. ಗಿಡ್ಡ ಎಳೆ, ಎಲೆಯ ಪುಡಿ, ಎಳೆಗೆ ಅಂಟಿದ ಕಾಳು, ಮಣ್ಣು ಎಲ್ಲ ಕಲೆತು ಯಂತ್ರದ ಅಡಿಯಲ್ಲಿ ಉಳಿದದ್ದನ್ನು ಬುಟ್ಟಿಯಲ್ಲಿ ಬಳಿದು ಹಿಂದಿನ ಗೋಡೆಯ ಆಚೆ ಸುರಿಯುತ್ತಿದ್ದರು. ದಿಬ್ಬ ಗೋಡೆಗಿಂತ ಎತ್ತರವಾದಾಗ ಬೆಂಕಿ ಹಚ್ಚುತ್ತಿದ್ದರು.

ಆ ಕಸ ಉರಿಯುತ್ತಿರಲಿಲ್ಲ, ಒಳಗೊಳಗೇ ಕಮರುತ್ತಿತ್ತು. ಗಾಳಿ ನಮ್ಮ ಕಡೆ ಬೀಸಿದರೆ ಓಣಿಯ ಮಂದಿಯೆಲ್ಲ ಸೆರಗು ಮೂಗಿಗೆ ಹಿಡಿದು ಓಡಾಡುತ್ತಿದ್ದೆವು. ರೊಟ್ಟಿಗೂ ಅದೇ ವಾಸನೆ. ಮೊದಮೊದಲು ಬೈಯುತ್ತಿದ್ದೆವು. ಆಮೇಲೆ ಬೈಯುವುದೂ ನಿಂತಿತು.

ನಮ್ಮ ಓಣಿಯ ಕಸುಬು ಹತ್ತಿ ಹಿಂಜುವುದು. ಗಂಡಸರು ಆಳೆತ್ತರದ ಬಿಲ್ಲನ್ನು ತೊಲೆಗೆ ತೂಗುಬಿಟ್ಟು ಅದರ ಕರುಳಿನ ಹುರಿಯನ್ನು ಮರದ ಗುಂಡಿನಿಂದ ಮಿಡಿಯುತ್ತಿದ್ದರು. ಹುರಿ ನಡುಗಿದಷ್ಟೂ ಹತ್ತಿ ಅರಳಿ ಮೇಲೇಳುತ್ತಿತ್ತು, ಕಾಳು ಕೆಳಗೆ ಉದುರುತ್ತಿತ್ತು. ಹೆಂಗಸರು ಗಾದಿ ತುಂಬಿ ಹೊಲಿಯುತ್ತಿದ್ದೆವು. ಒಬ್ಬೊಬ್ಬನ ಬಿಲ್ಲಿನ ದನಿ ಒಂದೊಂದು ತರಹ. ನೀರಿಗೆ ಹೋದಲ್ಲಿ ನಿಂತೇ, ಇದು ಕರೀಮಾಬಿಯ ಗಂಡನದು, ಇದು ನಮ್ಮನೆಯದು ಎಂದು ಹೇಳಬಹುದಾಗಿತ್ತು.

ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಗಂಡಸು ಬದುಕಿರುವವರೆಗೆ ಅವನ ಮನೆಯಲ್ಲಿ ಬೇರೆ ಯಾರೂ ಬಿಲ್ಲು ಮಿಡಿಯುವ ಹಾಗಿಲ್ಲ. ಅವನು ತೀರಿಕೊಂಡರೆ ನಲವತ್ತನೆಯ ದಿನದ ಕಾರ್ಯ ಕಳೆದ ಮೇಲೆ ಮಗನೋ ತಮ್ಮನೋ ಬಿಲ್ಲು ಇಳಿಸಿ ಮಿಡಿಯುತ್ತಾರೆ. ಆ ದನಿ ಕೇಳಿದರೆ ಮನೆಯವರು ಅಳು ನಿಲ್ಲಿಸಬೇಕು. ಸತ್ತವನು ಸತ್ತ, ಕೆಲಸ ಶುರುವಾಯಿತು ಎಂದು ಅದರ ಅರ್ಥ.

ನಿಜಾಮರ ಆಳ್ವಿಕೆ ಮುಗಿದ ವರ್ಷ, ಕೊಲೆ, ಲೂಟಿಯ ಆ ಗದ್ದಲದ ದಿನಗಳಲ್ಲಿ, ಓಣಿಯ ಗಂಡಸರು ಒಬ್ಬೊಬ್ಬರು ಒಂದೊಂದು ಕಡೆ ಹೋದವರು ತಿರುಗಿ ಬರಲಿಲ್ಲ. ನನ್ನ ಗಂಡ ಉಸ್ಮಾನ್‌ಸಾಬ್ ಲಿಂಗಸುಗೂರಿಗೆ ಹೋಗಿದ್ದ. ಬಿಲ್ಲಿನ ಹುರಿ ಹರಿದಿತ್ತು, ಹೊಸದು ತರುತ್ತೇನೆ ಅಂದ. ಹಳೆಯ ಹುರಿಯನ್ನು ಬಿಚ್ಚಿ ಎಸೆದು, ಬರಿಯ ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಗಿಸಿ ಹೊರಟ. ಬಿಲ್ಲು ಹಾಗೇ ಅಲ್ಲೇ ಇತ್ತು.

ಹೆಣ ಬರಲಿಲ್ಲ, ಸುದ್ದಿ ಬರಲಿಲ್ಲ. ಹಾಗಾಗಿ ನಲವತ್ತೂ ಇಲ್ಲ. ನನ್ನ ಅತ್ತೆ ಇಮಾಮ್‌ಬೀ ಮೊದಲ ವರ್ಷವೇ ತೀರ್ಮಾನ ಮಾಡಿದ್ದಳು: ಮಗ ಲಿಂಗಸುಗೂರಿನಿಂದ ಹಾಗೇ ಸೊಲ್ಲಾಪುರದ ದಾರಿ ಹಿಡಿದಿದ್ದಾನೆ, ಅಲ್ಲಿ ಗಿರಣಿಯಲ್ಲಿ ಇದ್ದಾನೆ. ಗದ್ದಲಕ್ಕೆ ಹೆದರಿ ಹಾಗೆ ಹೋದವರು ಇದ್ದರು, ಅದು ಸುಳ್ಳಲ್ಲ. ದಿನಾ ಬೆಳಿಗ್ಗೆ ಅವಳು ಗೂಟದ ಬಿಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನಾನು ಕಸ ಗುಡಿಸುತ್ತಿದ್ದೆ. ಅವನು ಬದುಕಿದ್ದಾನೆಂದು ನನಗೆ ಅನಿಸುತ್ತಿರಲಿಲ್ಲ. ಸತ್ತಿದ್ದಾನೆಂದೂ ಅನಿಸುತ್ತಿರಲಿಲ್ಲ. ಕೈಗೆ ಬಳೆ ಇದ್ದವು, ಇದ್ದವು ಅಷ್ಟೇ. ಓಣಿಯ ಎಲ್ಲ ಮನೆಗಳಲ್ಲೂ ಹೀಗೆಯೇ ಬಿಲ್ಲುಗಳು ಗೋಡೆಯ ಮೇಲಿದ್ದವು. ಅವುಗಳ ದನಿ ನಿಂತು ವರ್ಷಗಳಾಗಿದ್ದವು.

ಜಿನ್ನಿನಲ್ಲಿ ಹತ್ತಿ ಆರಿಸುವ ಕೆಲಸಕ್ಕೆ ಶೇಖರಮ್ಮ ಬರುತ್ತಿದ್ದಳು. ಲಿಂಗಾಯತರ ಹೆಣ್ಣುಮಗಳು, ಬಾಯಿ ಜೋರು. ನಾನು ಅವಳ ಪಕ್ಕ ಕೂತು ಆರಿಸುತ್ತಿದ್ದೆ. ಒಂದು ದಿನ ಹೊಗೆ ಒಳಗೇ ನುಗ್ಗಿ ಬಂದಾಗ ಅವಳು ಕಣ್ಣು ಒರೆಸಿಕೊಳ್ಳುತ್ತಾ ಕೇಳಿದಳು.

"ಮಾಬು, ಆ ಕಸದಾಗ ಅರ್ಧಕ್ಕರ್ಧ ಹತ್ತಿ ಐತಿ. ನೀವು ಪಿಂಜಾರ್ರು. ಹತ್ತಿ ಸುಡೂದು ಕಂಡೂ ಸುಮ್ಮ ಕುಂತೀರಲ್ಲ ಬೇ?"

"ಅದು ಹತ್ತಿ ಅಲ್ಲ, ಕಸ."

"ಕಸ ಅಂದವ ಯಾವ? ಯಂತ್ರ ಅಂದಿತೇನು?"

ಅವಳೇ ಮುಂದುವರಿಸಿದಳು. ಸಿಂಧನೂರಿನ ಕಡೆ ಕಾಲುವೆ ಅಗೆಯುವ ಕೆಲಸ ನಡೆದಿತ್ತು. ಶೇಖರಮ್ಮನ ತಮ್ಮ ಹಂಪಣ್ಣ ತನ್ನ ಎತ್ತಿನ ಗಾಡಿಯಲ್ಲಿ ಅಲ್ಲಿನ ಕ್ಯಾಂಪಿಗೆ ಸಾಮಾನು ಸಾಗಿಸುತ್ತಿದ್ದ. ಅಲ್ಲಿ ಕೂಲಿಯವರು ಬರಿಯ ನೆಲದ ಮೇಲೆ ಮಲಗುತ್ತಾರೆ, ಸಿಮೆಂಟಿನ ಖಾಲಿ ಗೋಣಿಚೀಲ ರಾಶಿ ಬಿದ್ದು ಕೊಳೆಯುತ್ತವೆ ಎಂದು ಅವನು ಹೇಳಿದ್ದನಂತೆ.

"ಅಲ್ಲಿ ಚೀಲ ಕೊಳೀತಾವ, ಇಲ್ಲಿ ಹತ್ತಿ ಸುಡ್ತೈತಿ. ಚೀಲದಾಗ ಹತ್ತಿ ತುಂಬಿದ್ರ ಏನಾಕ್ಕೈತಿ?"

"ಗಾದಿ."

"ಅಬ್ಬಾ! ಬಾಯಿ ಬಂತು ನಿನಗ."

ಜಿನ್ನಿನ ವ್ಯವಹಾರ ನೋಡುತ್ತಿದ್ದವರು ದಿವಾನಜಿ ಆದೆಪ್ಪನವರು. ಇಬ್ಬರೂ ಅವರ ಮುಂದೆ ಹೋಗಿ ನಿಂತೆವು. ಶೇಖರಮ್ಮ ವಿಷಯ ಹೇಳಿದಳು. ಅವರು ಎಲೆಯಡಿಕೆಯ ಬಾಯಿ ಮೇಲೆತ್ತಿ ಕೇಳಿಸಿಕೊಂಡರು.

"ಅಲ್ಲಬೇ, ಧಣಿ ಕೇಳಿದ್ರ ಏನಂತ ಹೇಳ್ಲಿ? ನಾವು ಬಿಸಾಡಿದ್ದನ್ನ ಇವರು ಮಾರ್ಕೊಳ್ಳಾಕತ್ಯಾರ ಅಂತ ಹೇಳ್ಲೇನು?"

"ಮೊನ್ನೆ ಕಿಡಿ ಹಾರಿ ಅಂಡಿಗಿ ಮ್ಯಾಲ ಬಿದ್ದಿದ್ದು ಧಣಿಗೆ ಹೇಳೀರೇನ್ರಿ?" ಎಂದಳು ಶೇಖರಮ್ಮ.

ಆದೆಪ್ಪನವರು ಎದ್ದು ಹೋಗಿ ಉಗುಳಿ ಬಂದರು. "ಒಯ್ಯಿರಿ. ಆದರ ದಿಬ್ಬ ಗ್ವಾಡಿ ದಾಟೂಹಂಗಿಲ್ಲ. ದಾಟಿತು ಅಂದ್ರ ನಾ ಕಡ್ಡಿ ಕೊರೆಯಾಂವ. ಆಮ್ಯಾಲ ನನ್ನ ಮುಂದ ಬಂದು ಅಳಬ್ಯಾಡ್ರಿ."

"ಅಳೂದು ಇವರಿಗೆಲ್ಲಿ ಬರತೈತ್ರಿ?" ಎಂದಳು ಶೇಖರಮ್ಮ ನನ್ನನ್ನು ನೋಡಿ. ತಮಾಷೆಗೆ ಅಂದದ್ದು. ಅಂದ ಮೇಲೆ ನನ್ನ ರಟ್ಟೆ ಹಿಡಿದು ಹೊರಗೆ ನಡೆದಳು.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕರೀಮಾಬಿ ಬಂದಳು, ಮೆಹರಬಾನು ಬಂದಳು. ಹಂಪಣ್ಣ ತಂದುಹಾಕಿದ ಗೋಣಿಚೀಲಗಳನ್ನು ಹಳ್ಳದಲ್ಲಿ ತೊಳೆದೆವು. ಸಿಮೆಂಟು ಚೀಲದ ನೂಲಿಗೆ ಕಚ್ಚಿಕೊಂಡು ಕಲ್ಲಾಗಿರುತ್ತಿತ್ತು. ಅದನ್ನು ಬಂಡೆಗೆ ಬಡಿದು, ಬೂದಿನೀರಿನಲ್ಲಿ ನೆನೆಹಾಕಿ ಮತ್ತೆ ಬಡಿಯಬೇಕು. ಅಂಗೈ ಸೀಳುತ್ತಿತ್ತು. ಚೀಲದ ಮೇಲೆ ಕೆಂಪು ಕಂಡು ಇದು ಯಾರದು ಎಂದು ನಾನು ಸುತ್ತ ನೋಡಿದ್ದೆ. ನನ್ನದೇ ಕೈ.

ಕಸವನ್ನು ಬಿಡಿಸುವುದು ಹೇಗೆಂಬ ಮಾತು ಬಂದಾಗ ಯಾರೂ ಬಿಲ್ಲಿನ ಹೆಸರೆತ್ತಲಿಲ್ಲ. ಹಗ್ಗದ ಹೊರಸಿನ ಮೇಲೆ ಕಸ ಹರಡಿ ಬಡಿಗೆಯಿಂದ ಬಡಿದೆವು. ಮಣ್ಣು, ಎಲೆಯ ಪುಡಿ ಹಗ್ಗದ ಸಂದಿಯಿಂದ ಕೆಳಗೆ ಬಿತ್ತು. ಒಂದಿಷ್ಟು ಕಾಳೂ ಬಿದ್ದವು. ಎಳೆಯಲ್ಲಿ ಸಿಕ್ಕಿಕೊಂಡ ಕಾಳು ಹಾಗೇ ಉಳಿದವು. ಕೈಯಲ್ಲಿ ಹಿಡಿದರೆ ಉಂಡೆಯೊಳಗೆ ಗಂಟುಗಂಟಾಗಿ ಸಿಗುತ್ತಿದ್ದವು. ನಮಗೆಲ್ಲರಿಗೂ ಅದು ಗೊತ್ತಿತ್ತು. ನಾವು ಪಿಂಜಾರರು, ಗೊತ್ತಾಗದೆ ಇರುವುದಿಲ್ಲ. ಗೊತ್ತಿದ್ದೂ ತುಂಬಿ ಹೊಲಿದೆವು. ಕೆಳಗೆ ಬಿದ್ದ ಪುಡಿಯನ್ನು ಇಟ್ಟಂಗಿ ಭಟ್ಟಿಯವರು ಒಯ್ದರು, ಅವರಿಗೆ ಅದು ಉರುವಲು. ದಿಬ್ಬ ಗೋಡೆಗಿಂತ ಕೆಳಗಿಳಿಯಿತು. ಹೊಗೆ ನಿಂತಿತು.

ಅತ್ತೆ ಬಾಗಿಲಲ್ಲಿ ಕೂತು ಹೊಲಿಗೆಗೆ ದಾರ ಹೊಸೆದುಕೊಡುತ್ತಿದ್ದಳು. "ಉಸ್ಮಾನ ಬಂದ್ರ ನಗ್ತಾನ," ಎಂದಳು ಒಮ್ಮೆ. "ಬಡಿಗಿಲೆ ಹತ್ತಿ ಬಡಿಯೂದು ಕಂಡ್ರ, ಇವು ಯಾವ ಪಿಂಜಾರ್ರ ಹೆಣ್ಣು ಅಂತ ಕೇಳ್ತಾನ."

ನಾನು ಬಡಿಯುತ್ತಲೇ ಇದ್ದೆ.

ಗಾದಿಗಳ ಮೊದಲ ಗಾಡಿ ಕ್ಯಾಂಪಿಗೆ ಹೋಯಿತು. ಎರಡನೆಯದೂ ಹೋಯಿತು. ಹಟ್ಟಿಯ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವರೂ ಕೇಳಿದ್ದಾರೆ, ಒಬ್ಬ ಎದ್ದ ಗಾದಿಯಲ್ಲಿ ಇನ್ನೊಬ್ಬ ಮಲಗುವ ಜಾಗವದು, ಅಲ್ಲಿಗೂ ಬೇಕಂತೆ ಎಂದು ಹಂಪಣ್ಣ ಹೇಳಿದ. ಆ ವಾರ ಕರೀಮಾಬಿಯ ಮನೆಯಲ್ಲಿ ಎರಡು ಹೊತ್ತೂ ಒಲೆ ಹೊತ್ತಿತು. ನಮ್ಮಲ್ಲೂ ಹೊತ್ತಿತು.

ಆಮೇಲೆ ಮಳೆ ಬಂತು.

ಹಂಪಣ್ಣ ಗಾಡಿ ಹೊಡೆದುಕೊಂಡು ಓಣಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಗಾಡಿಯಿಂದ ಒಂದು ಗಾದಿ ಇಳಿಸಿ ಓಣಿಯ ನಡುವೆ ಹಾಸಿದ. ನಾವೆಲ್ಲ ಸುತ್ತ ನಿಂತೆವು. ಗೋಣಿಯ ಸಂದಿಸಂದಿಯಿಂದ ಮೊಳಕೆ ಎದ್ದಿದ್ದವು. ಎರಡೆರಡು ಎಲೆ ಬಿಚ್ಚಿದ ಹತ್ತಿಯ ಸಸಿ, ಹಸಿರಾಗಿ, ಒತ್ತೊತ್ತಾಗಿ. ಮನುಷ್ಯ ಮಲಗಿದ್ದ ಜಾಗದಲ್ಲಿ ಮಾತ್ರ ಬೋಳಾಗಿತ್ತು, ತಲೆಯದು, ಬೆನ್ನಿನದು ಗುರುತು ಕಾಣುವ ಹಾಗೆ. ಸುತ್ತಲೂ ಬೆಳೆ.

"ನೋಡ್ರಿ," ಎಂದ ಹಂಪಣ್ಣ. "ವಳಕಮದಿನ್ನಿ ಕಡಿ ಡೇರೆದಾಗ ನೀರು ನಿಂತಿತ್ತು. ಗಾದಿ ನೆಲಕ್ಕ ಹಾಸ್ಯಾರ. ಕಾಲುವಿ ನೀರು ಇನ್ನಾ ಬಂದಿಲ್ಲ, ನಿಮ್ಮ ಗಾದ್ಯಾಗ ಬೆಳಿ ಬಂತು. ಇಡೀ ಕ್ಯಾಂಪು ನಗಾಕತ್ತೈತಿ. ಒಬ್ಬ ಕೇಳ್ತಾನ, ಕಳೆ ತೆಗಿಯಾಕ ಯಾರನ್ನ ಕರೀಲಿ ಅಂತ."

ಮೆಹರಬಾನು ನಕ್ಕಳು. ನಕ್ಕು ನಕ್ಕು ಕೆಳಗೆ ಕೂತಳು. ಉಳಿದವರು ಯಾರೂ ನಗಲಿಲ್ಲ.

"ಕ್ಯಾಂಪಿನ ಓವರಸೀಯರ್ ಏನಂದ್ರು?" ಎಂದು ಶೇಖರಮ್ಮ ಕೇಳಿದಳು.

"ಒಂದು ಸರ್ತಿ ನೋಡ್ತೀನಿ ಅಂದಾರ. ಬರೂ ಅಮಾಸಿಯೊಳಗ ಕಾಳಿಲ್ಲದ ಗಾದಿ ಕೊಟ್ರ ಆತು. ಇಲ್ಲಾಂದ್ರ ಬಳ್ಳಾರಿ ಕಡಿಂದ ನಾರಿನ ಗಾದಿ ತರಸ್ತಾರಂತ. ಎಲ್ಲಾ ವಾಪಸ್ ಹೊರಸ್ತಾರಂತ."

ಶೇಖರಮ್ಮ ಒಂದು ಸಸಿ ಕಿತ್ತು ಬೆರಳಲ್ಲಿ ತಿರುಗಿಸಿದಳು. "ಬಿಲ್ಲಿನಾಗ ಹಿಂಜಿದ್ರ ಒಂದು ಕಾಳು ಉಳೀತಿತ್ತೇನು?"

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲ ಕಡೆ ನೋಡಿದರು. ಅತ್ತೆ ಕೂತಲ್ಲಿಂದಲೇ ಹೇಳಿದಳು.

"ಶೇಖರವ್ವ, ನನ್ನ ಮಗ ಬದುಕ್ಯಾನ. ಬದುಕಿದಾವನ ಬಿಲ್ಲಿಗಿ ಈ ಮನ್ಯಾಗ ಯಾರೂ ಕೈ ಹಚ್ಚೂದಿಲ್ಲ."

"ನಾ ಹಂಗ ಅನ್ನಲಿಲ್ಲ ಯವ್ವಾ."

"ಅನ್ನಲಿಲ್ಲ. ಕೇಳಿಸಿತು."

ಮುದಗಲ್ಲಿನಿಂದ ಒಬ್ಬ ಪಿಂಜಾರನನ್ನು ಕರೆಸಿದೆವು. ತನ್ನದೇ ಬಿಲ್ಲು ಹೆಗಲಿಗೆ ಹಾಕಿಕೊಂಡು ಬಸ್ಸಿಳಿದು ಬಂದ. ಜಿನ್ನಿನ ಹಿಂದಿನ ದಿಬ್ಬ ತೋರಿಸಿದಾಗ ಒಂದು ಹಿಡಿ ಎತ್ತಿ ಮೂಸಿ ಕೆಳಗೆ ಬಿಟ್ಟ. ತನ್ನ ಅಪ್ಪ ಅಜ್ಜ ಹೊಸ ಹತ್ತಿಗೆ ಹಚ್ಚಿದ ಬಿಲ್ಲನ್ನು ಕಸಕ್ಕೆ ಹಚ್ಚಿದರೆ ಮುದಗಲ್ಲಿನಲ್ಲಿ ತನ್ನನ್ನು ಯಾರೂ ಕರೆಯುವುದಿಲ್ಲ ಅಂದ. ನಮ್ಮ ಮನೆಯಲ್ಲಿ ಚಹಾ ಕುಡಿದ. ಗೋಡೆಯ ಮೇಲಿನ ಬಿಲ್ಲು ನೋಡಿ, "ಚಲೋ ಮರ," ಎಂದು ಹೇಳಿ ಮರುಬಸ್ಸಿಗೆ ಹೊರಟುಹೋದ.

ಬಡಿಯುವ ಕೆಲಸ ನಿಂತಿತು. ಯಂತ್ರ ನಿಲ್ಲಲಿಲ್ಲ. ದಿಬ್ಬ ದಿನದಿನಕ್ಕೆ ಏರಿತು. ಆದೆಪ್ಪನವರು ಗೋಡೆಯ ಹತ್ತಿರ ಬಂದು ನಿಂತು, ಮೇಲೆ ನೋಡಿ, ನನ್ನನ್ನು ನೋಡಿ ಹೋಗುತ್ತಿದ್ದರು. ಕರೀಮಾಬಿ ಒಂದು ದಿನ ನೀರಿಗೆ ಹೋದಲ್ಲಿ, "ಯಾರರ ಒಬ್ಬರು ಮೊದಲ ಇಳಿಸಬೇಕು," ಎಂದಳು. ಯಾವುದನ್ನು ಎಂದು ಹೇಳಲಿಲ್ಲ. "ನೀನ ಇಳಸು," ಎಂದೆ. ಅವಳು ಕೊಡ ಎತ್ತಿಕೊಂಡಳು.

ಮರುದಿನ ನಾನು ಲಿಂಗಸುಗೂರಿನ ಬಸ್ಸು ಹತ್ತಿದೆ. ಅತ್ತೆಗೆ ಹೊಲಿಗೆಯ ಸೂಜಿ ತರುತ್ತೇನೆ ಅಂದೆ. ಬಿಲ್ಲು ಇಳಿಸಬೇಕೆಂದು ನಿಶ್ಚಯ ಮಾಡಿದ್ದೆ ಎಂದು ಹೇಳಲಾರೆ. ಹುರಿ ಇಲ್ಲದೆ ಇಳಿಸಿಯೂ ಉಪಯೋಗವಿಲ್ಲ ಎಂಬುದು ಮಾತ್ರ ತಲೆಯಲ್ಲಿತ್ತು.

ಅಲ್ಲಿ ಬಿಲ್ಲಿನ ಹುರಿ ಮಾಡುತ್ತಿದ್ದವನು ಜಿಲಾನಿಸಾಬ್, ಮುದುಕ. ಅತ್ತೆಯಾಗಲಿ ನಾನಾಗಲಿ ಇಷ್ಟು ವರ್ಷ ಅವನನ್ನು ಕೇಳಲು ಹೋಗಿರಲಿಲ್ಲ. ಕಟುಕರು ಬಿಸಾಡಿದ ಆಡಿನ ಕರುಳನ್ನು ತಂದು, ತೊಳೆದು, ಸೀಳಿ, ಹೊಸೆದು ಗೋಡೆಯ ಉದ್ದಕ್ಕೂ ಬಿಸಿಲಿಗೆ ಎಳೆದು ಕಟ್ಟಿದ್ದ. ನೊಣ ಮುತ್ತಿದ್ದವು. ಅವನ ಕೈ ಹೊಸೆಯುತ್ತಲೇ ಇತ್ತು.

"ಯಾರ ಮನಿಯಾಕಿ ಬೇಟಿ?"

"ಮಸ್ಕಿ ಉಸ್ಮಾನ್‌ಸಾಬರ ಮನಿಯಾಕಿರಿ. ಬಿಲ್ಲಿಗಿ ಹುರಿ ಬೇಕು."

ಅವನ ಕೈ ನಿಂತಿತು. "ಉಸ್ಮಾನಗ ಕೊಟ್ಟೀನಲ್ಲ?"

"ಯಾವಾಗ್ರಿ?"

"ಆ ಗದ್ದಲದಾಗ. ಅಂಗಡಿ ಎಲ್ಲಾ ಮುಚ್ಚಿದ್ದೂವು. ಹಿಂದಿನ ಬಾಗಿಲಿಗೆ ಬಂದು ಕರದ. ಎರಡೆಳಿ ಒಯ್ದ. ಇವತ್ತ ಬ್ಯಾಡೋ, ಇಲ್ಲೇ ಇದ್ದುಬಿಡು ಅಂದೆ. ಅವ್ವ ದಾರಿ ನೋಡ್ತಾಳ ಅಂದ. ಹುರಿ ಹೊಟ್ಟಿಗಿ ಸುತ್ತಿಕೊಂಡು ಮ್ಯಾಲ ಅಂಗಿ ಬಿಟ್ಟುಕೊಂಡ, ಯಾರರ ಕಸಗೊಂಡಾರು ಅಂತ."

"ಯಾವ ದಾರಿ ಹಿಡಿದ್ರು?"

"ಮಸ್ಕಿ ದಾರಿ. ಮತ್ಯಾವ ದಾರಿ ಹಿಡೀತಾನ?" ಎಂದ ಮುದುಕ. ಆಮೇಲೆ ನನ್ನ ಮುಖ ನೋಡಿ, "ಮುಟ್ಟಲಿಲ್ಲೇನು?" ಎಂದು ಕೇಳಿದ.

"ಇಲ್ರಿ."

ಗೋಡೆಗೆ ಕಟ್ಟಿದ ಕರುಳಿನ ಮೇಲೆ ಒಂದು ನೊಣ ಈ ತುದಿಯಿಂದ ಆ ತುದಿಗೆ ನಡೆಯುತ್ತಿತ್ತು. ಅದು ಮುಟ್ಟುವವರೆಗೂ ನಾನು ಅದನ್ನೇ ನೋಡಿದೆ. ಜಿಲಾನಿಸಾಬ್ ಎರಡು ಹುರಿ ಸುರುಳಿ ಸುತ್ತಿ ನನ್ನ ಮುಂದಿಟ್ಟ. ನಾನು ಸೆರಗಿನ ಗಂಟು ಬಿಚ್ಚಹೋದರೆ ಬೇಡವೆಂದು ಕೈಯಾಡಿಸಿ ಮತ್ತೆ ಹೊಸೆಯತೊಡಗಿದ.

ಬಸ್ಸು ಅದೇ ದಾರಿಯಲ್ಲಿ ಬಂತು. ಕಿಟಕಿಯ ಪಕ್ಕ ಕೂತಿದ್ದೆ. ಎಡಗಡೆ ಜೋಳದ ಹೊಲ ಬಂತು, ಹಳ್ಳ ಬಂತು, ಜಾಲಿಗಿಡಗಳು ಬಂದವು. ಇನ್ನೊಂದು ಹಳ್ಳ ಬಂತು. ಈ ದಾರಿಯಲ್ಲಿ ನಾನು ಹಿಂದೆಯೂ ಓಡಾಡಿದ್ದೆ, ಯಾವುದೂ ಹೊಸದಲ್ಲ. ಪಕ್ಕದಲ್ಲಿದ್ದ ಹೆಣ್ಣುಮಗಳು ತನ್ನ ಕೂಸನ್ನು ಸ್ವಲ್ಪ ಹಿಡಿದುಕೊ ಅಂದಳು. ಹಿಡಿದುಕೊಂಡೆ. ಮಸ್ಕಿ ಬಂದಾಗ ವಾಪಸ್ಸು ಕೊಟ್ಟು ಇಳಿದೆ.

ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸುರುಳಿಯನ್ನು ಅವಳ ಮುಂದೆ ನೆಲಕ್ಕಿಟ್ಟೆ. ಅವಳು ಅದನ್ನು ನೋಡಿದಳು. ಕೇಳಿದಳು.

"ಅವ ಕಳಿಸ್ಯಾನೇನು?"

ಹೌದು ಎಂದರೆ ಮುಗಿಯುತ್ತಿತ್ತು. ಗಂಡಸು ತಾನೇ ಹುರಿ ಕಳಿಸಿದರೆ, ಮಿಡಿ ಎಂದು ಹೇಳಿ ಕಳಿಸಿದ ಹಾಗೆಯೇ. ರೂಢಿಯೂ ಉಳಿಯುತ್ತಿತ್ತು, ಮಗನೂ ಉಳಿಯುತ್ತಿದ್ದ. ಅವಳು ಹಾಗೆ ಕೇಳಿದ್ದು ನನಗಾಗಿಯೇ ಇರಬಹುದು.

"ಇಲ್ಲ ಅತ್ತಿ."

"ಸೊಲ್ಲಾಪುರದಿಂದ ಯಾರರ ಕೈಯಾಗ..."

"ಇಲ್ಲ. ಜಿಲಾನಿಸಾಬ್ ಕೊಟ್ಟಾನ."

ಮುದುಕ ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಹೇಳಿದೆ. ಹೆಚ್ಚು ಸೇರಿಸಲಿಲ್ಲ, ಬಿಡಲೂ ಇಲ್ಲ. ಅವಳ ಬೆರಳು ಅಕ್ಕಿಯಲ್ಲಿ ಆಡುತ್ತಲೇ ಇದ್ದವು.

"ಮಸ್ಕಿ ದಾರಿ ಹಿಡಿದ್ನಂತ?"

"ಹೂಂ."

"ನನ್ನ ಹೆಸರು ತಗೊಂಡ್ನಂತ?"

"ಅವ್ವ ದಾರಿ ನೋಡ್ತಾಳ ಅಂದ್ರಂತ."

ಅವಳು ಒಂದು ಕಲ್ಲು ಆರಿಸಿ ಎಸೆದಳು. ಮತ್ತೊಂದು ಎಸೆದಳು. ಮೊರದಲ್ಲಿದ್ದ ಅಕ್ಕಿಯೆಲ್ಲ ಆಗುವವರೆಗೂ ಆರಿಸಿದಳು. ನಾನು ನಿಂತೇ ಇದ್ದೆ. ಅಕ್ಕಿಯನ್ನು ಗಡಿಗೆಗೆ ಸುರಿದು, ಮೊರ ಬಡಿದು, ಗೋಡೆಗೆ ಒರಗಿಸಿ, ಮೊಳಕಾಲಿಗೆ ಕೈಯೂರಿ ಎದ್ದಳು.

"ಬಿಲ್ಲಿಗಿ ಹುರಿ ಏರಸಾಕ ಇಬ್ಬರು ಬೇಕು," ಎಂದಳು. "ನೀ ಒಬ್ಬಾಕೀನ ಹ್ಯಾಂಗ ಏರಸ್ತೀ?"

ಬಿಲ್ಲನ್ನು ಅವಳೇ ಗೂಟದಿಂದ ತೆಗೆದಳು. ದಿನಾ ಒರೆಸಿದ ಮರ ನುಣ್ಣಗಿತ್ತು, ಹಿಂದಿನ ಗೋಡೆಯ ಮೇಲೆ ಅದರ ಆಕಾರ ಬೆಳ್ಳಗೆ ಉಳಿದಿತ್ತು. ಅವಳು ಒಂದು ತುದಿಯನ್ನು ಪಾದಕ್ಕೆ ಒತ್ತಿ ಹಿಡಿದು ಮೈಭಾರ ಹಾಕಿದಳು. ನಾನು ಇನ್ನೊಂದು ತುದಿಗೆ ಹುರಿ ಎಳೆದು ಕಟ್ಟಿದೆ. ತೊಲೆಗೆ ತೂಗುಬಿಟ್ಟೆವು. ಹೊರಸಿನ ಮೇಲೆ ಉಳಿದಿದ್ದ ಕಸವನ್ನು ಕೆಳಗೆ ಹರಡಿದೆ. ಮರದ ಗುಂಡು ಹಿಡಿದಾಗ ಬಳೆ ಬಿಲ್ಲಿಗೆ ತಾಗುತ್ತಿದ್ದವು. ತೆಗೆದು ಗೂಡಿನಲ್ಲಿಟ್ಟೆ. ಅತ್ತೆ ನೋಡಿದಳು.

ಮೊದಲ ಸಲ ಮಿಡಿದಾಗ ದನಿ ಸತ್ತಂತೆ ಬಂತು.

"ಬಿಗಿ ಸಾಲದು," ಎಂದಳು. ಬಿಚ್ಚಿ ಮತ್ತೆ ಬಿಗಿದೆವು.

ಎರಡನೆಯ ಸಲ ಸರಿಯಾಗಿ ಬಂತು. ಗೋಡೆ, ತೊಲೆ, ನೆಲ ಎಲ್ಲ ಸೇರಿ ಗುಂಯ್ಯೆಂದವು. ನಮ್ಮ ಮನೆಯ ದನಿಯೇ. ಕಸ ಕದಲಿತು. ನಾನು ಮಿಡಿಯುತ್ತಾ ಹೋದೆ. ಅಳತೆ ಗೊತ್ತಿತ್ತು, ವರ್ಷಗಟ್ಟಲೆ ಕೇಳಿದ್ದು ಕೈಗೆ ಗೊತ್ತಾಗಿತ್ತು. ಬೂದು ಎಳೆ ಅರಳಿ ಮೇಲೆದ್ದಿತು. ಕೆಳಗೆ ಕಾಳು ಪಟಪಟನೆ ಬಿದ್ದವು.

ಹೊರಗೆ ಓಡುವ ಸಪ್ಪಳ ಕೇಳಿತು. ಕರೀಮಾಬಿ ತಲೆಯ ಮೇಲೆ ಸೆರಗಿಲ್ಲದೆ, ಕೈಗೆ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದಳು. ಅವಳ ಹಿಂದೆ ಮೆಹರಬಾನು, ಅವಳ ಹಿಂದೆ ಓಣಿಯ ಉಳಿದವರು.

"ಯಾರು ಬಂದಾರ?" ಕರೀಮಾಬಿ ಏದುಸಿರು ಬಿಡುತ್ತಿದ್ದಳು. "ಯಾರ ಮನಿಯವ್ರು ಬಂದಾರ? ಒಬ್ಬರ ಬಂದಾರೇನು, ಎಲ್ಲಾರೂ ಬಂದಾರೇನು?"

ಆಮೇಲೆ ನನ್ನನ್ನು ನೋಡಿದಳು. ನನ್ನ ಕೈಯಲ್ಲಿದ್ದ ಗುಂಡನ್ನು ನೋಡಿದಳು, ಬರಿಯ ಮುಂಗೈ ನೋಡಿದಳು. ಹಿಂದೆ ನಿಂತವರಿಗೆ ಒಳಗೆ ಕಾಣುತ್ತಿರಲಿಲ್ಲ, ಅವರು ಇನ್ನೂ ಯಾರು, ಯಾರು ಎಂದು ಕೇಳುತ್ತಿದ್ದರು.

ಅತ್ತೆ ಹೊಸ್ತಿಲಿಗೆ ಹೋಗಿ ನಿಂತಳು.

"ಯಾರೂ ಬಂದಿಲ್ಲ ಬೇ," ಎಂದಳು. "ಕೆಲಸ ನಡದೈತಿ."

ಅವರು ಒಬ್ಬೊಬ್ಬರಾಗಿ ತಿರುಗಿ ಹೋದರು. ಕರೀಮಾಬಿಯ ಕೈಯ ಹಿಟ್ಟು ನಮ್ಮ ಬಾಗಿಲ ಚೌಕಟ್ಟಿಗೆ ಹತ್ತಿತ್ತು. ನಾನು ಮತ್ತೆ ಮಿಡಿಯತೊಡಗಿದೆ.

ಅಮಾವಾಸ್ಯೆಯ ಹೊತ್ತಿಗೆ ಹಂಪಣ್ಣ ಒಂದು ಗಾಡಿ ಗಾದಿ ಒಯ್ದ. ಹೋಗುವ ಮೊದಲು ಒಂದನ್ನು ಹಿಡಿದು ಹಿಚುಕಿ, "ಈ ಸಲ ಬೆಳಿ ಇಲ್ಲೇನು?" ಎಂದು ಕೇಳಿದ. ಅವನ ಅಕ್ಕ ಅವನನ್ನು ಬೈದಳು. ಕ್ಯಾಂಪಿನವರು ಹೊಸವನ್ನು ಇಳಿಸಿಕೊಂಡು ಹಿಂದಿನವನ್ನೆಲ್ಲ ವಾಪಸ್ಸು ಕಳಿಸಿದರು. ಬಿಚ್ಚಿ, ಒಣಗಿಸಿ, ಮತ್ತೆ ಹಿಂಜಿದೆವು. ಅಷ್ಟರೊಳಗೆ ಕರೀಮಾಬಿ ಬಂದು, ಹುರಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಳು. ಜಿಲಾನಿಸಾಬನ ಎರಡನೆಯ ಹುರಿಯನ್ನು ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಅವಳ ಮನೆಯಿಂದ ಬಿಲ್ಲಿನ ದನಿ ಬಂದ ದಿನ ಓಣಿಯಲ್ಲಿ ಯಾರೂ ಓಡಿ ಬರಲಿಲ್ಲ. ಮೆಹರಬಾನುವಿನ ಬಿಲ್ಲು ಆ ಹಂಗಾಮು ಮುಗಿದರೂ ಗೋಡೆಯ ಮೇಲೆಯೇ ಇತ್ತು. ಅವಳು ಚೀಲ ತೊಳೆಯುತ್ತಿದ್ದಳು, ಹೊಲಿಯುತ್ತಿದ್ದಳು. ಯಾರೂ ಅವಳಿಗೆ ಏನೂ ಅನ್ನಲಿಲ್ಲ.

ಜಿನ್ನಿನ ದಿಬ್ಬ ಗೋಡೆಗಿಂತ ಕೆಳಗೇ ಉಳಿಯಿತು.

ಅತ್ತೆ ಬೆಳಿಗ್ಗೆ ಎದ್ದು ಈಗ ಒರೆಸಲು ಏನೂ ಇಲ್ಲದೆ ಗೋಡೆಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದಳು. ಆಮೇಲೆ ಬಂದು ತೊಲೆಯ ಕೆಳಗೆ ಕೂತು, ಬಿದ್ದ ಕಾಳನ್ನು ಆಡಿಗೆ ಹಾಕಲು ಮೊರಕ್ಕೆ ಬಳಿದುಕೊಳ್ಳುತ್ತಿದ್ದಳು.

"ಮಾಬು, ಎಲ್ಲಾ ಉದುರ್‍ಯಾವೇನು?"

"ಉದುರ್‍ಯಾವ ಅತ್ತಿ."

"ಕೈಯಾಡಿಸಿ ನೋಡು."

ಕೈಯಾಡಿಸಿ ನೋಡಿದೆ. ಮೆತ್ತಗಿತ್ತು. ಒಂದು ಗಂಟೂ ಸಿಗಲಿಲ್ಲ.

"ಇನ್ನೊಂದು ಸಲ ಮಿಡಿ," ಎಂದಳು.